ಮುಟ್ಟಾಳೆ

ಬ್ರೆನ್‌ಮಾರ್ ಕಂಪನಿಗೆ ನೂರು ವರ್ಷ ತುಂಬಿತು. ಮನುಷ್ಯ ನೂರು ವರ್ಷ ಬದುಕಿದರೆ ಹಲ್ಲು ಉದುರುತ್ತದೆ, ಮಾತು ತೊದಲುತ್ತದೆ. ಕಂಪನಿಗೆ ಹಾಗಾಗುವುದಿಲ್ಲ. ಅದಕ್ಕೆ ಹೊಸ ಹಲ್ಲು ಬರುತ್ತದೆ, ಮಾತು ಹೆಚ್ಚುತ್ತದೆ.

ದೋಹಾದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಆ ಕಂಪನಿಯ ಲಾರಿ, ಟ್ರ್ಯಾಕ್ಟರುಗಳ ವರ್ಕ್‌ಶಾಪು. ಇನ್ನೂರು ಜನ ದುಡಿಯುವ ಜಾಗ. ಅದರ ಗೇಟಿನ ಗೋಡೆಗೆ ಒಂದು ಬ್ಯಾನರ್ ಬಂತು. ಬ್ಯಾನರಿನಲ್ಲಿ ಚರ್ಮದ ಏಪ್ರನ್ ತೊಟ್ಟ ಬಿಳಿ ಮುದುಕ, ಕೈಯಲ್ಲಿ ಸುತ್ತಿಗೆ. ಅವನೇ ಕಂಪನಿ ಕಟ್ಟಿದವನಂತೆ. ಯೂರೋಪಿನ ಯಾವುದೋ ಹಳ್ಳಿಯ ಕಮ್ಮಾರ. ಮೊದಲು ನೇಗಿಲು ಮಾಡಿದ, ಆಮೇಲೆ ತೆನೆ ಬಡಿಯುವ ಯಂತ್ರ, ಆಮೇಲೆ ಟ್ರ್ಯಾಕ್ಟರು. ಮಕ್ಕಳ ಕಾಲಕ್ಕೆ ಲಾರಿ. ಚಿತ್ರದ ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು, ದುಡಿಯುವ ಕೈಗಳಿಗೆ ನಮಸ್ಕಾರ ಎಂದು.

ಏಣಿ ಹತ್ತಿ ಆ ಬ್ಯಾನರ್ ಕಟ್ಟಿದವನು ಸೀನಪ್ಪ. ವಯಸ್ಸು ಐವತ್ತೆರಡು. ಊರು ಕಾರ್ಕಳದ ಕಡೆ. ಪಡುಬಿದ್ರಿಯ ಗ್ಯಾರೇಜಿನಲ್ಲಿ ಕೆಲಸ ಕಲಿತು, ಹದಿನೆಂಟು ವರ್ಷದ ಹಿಂದೆ ಇಲ್ಲಿಗೆ ಬಂದವನು. ಎಡಗೈ ಮೊಣಕೈವರೆಗೆ ಸುಟ್ಟ ಕಲೆ. ಚರ್ಮ ಸುಕ್ಕುಗಟ್ಟಿ, ಅಲ್ಲಲ್ಲಿ ಬೆಳ್ಳಗೆ ಹೊಳೆಯುತ್ತದೆ. ಆ ಕಲೆಗೂ ಕಂಪನಿಯ ಚರಿತ್ರೆಗೂ ಸಂಬಂಧ ಇತ್ತು. ಆದರೆ ಚರಿತ್ರೆ ಬರೆಯುವವರಿಗೆ ಅದು ಬೇಕಾಗಿರಲಿಲ್ಲ.

ನಡೆದದ್ದು ಇಷ್ಟು. ಎರಡು ಸಾವಿರದ ಹನ್ನೆರಡರ ಬೇಸಿಗೆ. ಊರೆಲ್ಲ ಕಟ್ಟಡ ಏಳುತ್ತಿದ್ದ ಕಾಲ. ಕಂಪನಿ ಮರಳು, ಜಲ್ಲಿ ಸಾಗಿಸುವವರಿಗೆ ನಲವತ್ತು ಹೊಸ ಲಾರಿ ಮಾರಿತ್ತು. ಎರಡು ತಿಂಗಳಲ್ಲಿ ಹದಿನೇಳು ಲಾರಿಗಳ ಎಂಜಿನ್ ಕೆಟ್ಟು ನಿಂತವು. ಯೂರೋಪಿನಿಂದ ಎಂಜಿನಿಯರುಗಳು ಬಂದರು. ಎಸಿ ಕೋಣೆಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿ ಕುಳಿತರು. ಒಂದು ವಾರದ ಮೇಲೆ ರಿಪೋರ್ಟು ಕೊಟ್ಟರು. ಡ್ರೈವರುಗಳಿಗೆ ಗಾಡಿ ಓಡಿಸಲು ಬರುವುದಿಲ್ಲ, ಅವರಿಗೆ ತರಬೇತಿ ಕೊಡಬೇಕು.

ಸೀನಪ್ಪ ಲ್ಯಾಪ್‌ಟಾಪ್ ಬಿಚ್ಚಲಿಲ್ಲ. ಗಾಳಿಯ ಫಿಲ್ಟರ್ ಬಿಚ್ಚಿದ. ಒಳಗಿನಿಂದ ಒಂದು ಸೇರು ಮರಳು ಸುರಿಯಿತು. ಎಂಜಿನ್ ಗಾಳಿ ಎಳೆದುಕೊಳ್ಳುವ ಕೊಳವೆಯ ಬಾಯಿ ಮುಂದಿನ ಚಕ್ರದ ಹಿಂದೆ ಇತ್ತು. ಚಕ್ರ ಎಬ್ಬಿಸಿದ ಧೂಳೆಲ್ಲ ನೇರ ಅದರ ಬಾಯಿಗೆ. ಹಿಮ ಬೀಳುವ ಊರಿನಲ್ಲಿ ಕುಳಿತು ಗೆರೆ ಎಳೆದವರಿಗೆ ಇಲ್ಲಿನ ಮಣ್ಣು ಹೇಗೆ ಗೊತ್ತಾಗಬೇಕು?

ಅವನು ಕೊಳವೆಯನ್ನು ಕ್ಯಾಬಿನ್ನಿನ ತಲೆಯ ಮೇಲಕ್ಕೆ ಏರಿಸಿದ. ಹಳೆಯ ಬ್ರೇಕ್ ಟ್ಯಾಂಕನ್ನು ಕತ್ತರಿಸಿ, ಬಡಿದು, ಬಗ್ಗಿಸಿ, ಕೊಳವೆಯ ತುದಿಗೆ ಒಂದು ಟೊಪ್ಪಿ ಮಾಡಿದ. ಗಾಳಿ ಸುತ್ತಿ ಒಳಗೆ ಹೋಗಬೇಕು, ಮರಳು ಹೊರಗೇ ಉದುರಬೇಕು. ನಾಲ್ಕು ಸಲ ಕೆಟ್ಟಿತು, ಐದನೆಯ ಸಲ ಸರಿಯಾಯಿತು. ಹೊರಗೆ ನಲವತ್ತೆಂಟು ಡಿಗ್ರಿ. ಮಧ್ಯಾಹ್ನ ಬಿಸಿಲಲ್ಲಿ ಕೆಲಸ ಮಾಡಿಸಬಾರದು ಎಂಬ ಕಾನೂನು ಇದೆ. ತಗಡಿನ ಶೀಟಿನ ಅಡಿ ಇರುವುದು ನೆರಳು ಎಂದು ಕಂಪನಿ ಹೇಳಿತು. ಆ ನೆರಳಿನಲ್ಲಿ ಸ್ಪ್ಯಾನರ್ ಮುಟ್ಟಿದರೆ ಅಂಗೈಗೆ ಬೊಬ್ಬೆ ಬರುತ್ತಿತ್ತು. ಮೂರನೆಯ ಪ್ರಯತ್ನದ ದಿನ ರೇಡಿಯೇಟರಿನ ಮುಚ್ಚಳ ಹಾರಿ ಕುದಿಯುವ ನೀರು ಅವನ ಎಡಗೈ ಮೇಲೆ ಬಿತ್ತು. ಗ್ಲೌಸ್ ಎಳೆದಾಗ ಅದರ ಜೊತೆಗೆ ಚರ್ಮವೂ ಬಂತು.

ಕಂಪನಿ ಅವನಿಗೆ ಒಂದು ಕಾಗದ ಕೊಟ್ಟಿತು. ಅನುಮತಿ ಇಲ್ಲದೆ ವಾಹನದಲ್ಲಿ ಬದಲಾವಣೆ ಮಾಡಿದ್ದಕ್ಕೆ, ತನ್ನ ನಿರ್ಲಕ್ಷ್ಯದಿಂದ ಗಾಯ ಮಾಡಿಕೊಂಡದ್ದಕ್ಕೆ ಎಚ್ಚರಿಕೆ. ಆರು ತಿಂಗಳ ನಂತರ ಕಂಪನಿಯ ಹೊಸ ಲಾರಿಗಳು ಬಂದವು. ಎಲ್ಲದರ ತಲೆಯ ಮೇಲೂ ಅದೇ ಟೊಪ್ಪಿ. ಬಣ್ಣ ಬಳಿದಿದ್ದರು, ಹೆಸರು ಇಟ್ಟಿದ್ದರು. ಡೆಸರ್ಟ್ ಶೀಲ್ಡ್.

ಸೀನಪ್ಪ ಅದಕ್ಕೆ ಮೊದಲೇ ಹೆಸರಿಟ್ಟಿದ್ದ. ಮುಟ್ಟಾಳೆ. ಊರಿನಲ್ಲಿ ಅವನಪ್ಪ ಗದ್ದೆಗೆ ಇಳಿಯುವಾಗ ತಲೆಗೆ ಇಡುತ್ತಿದ್ದ ಅಡಿಕೆ ಹಾಳೆಯ ಟೊಪ್ಪಿ ಹಾಗೇ ಇತ್ತು. ವರ್ಕ್‌ಶಾಪಿನಲ್ಲಿ ಡೆಸರ್ಟ್ ಶೀಲ್ಡ್ ಎಂಬ ಹೆಸರು ಯಾರ ಬಾಯಿಗೂ ಹತ್ತಲಿಲ್ಲ. ನೇಪಾಳದವನೂ ಮುಟ್ಟಾಳೆ ಎಂದ, ಬಾಂಗ್ಲಾದವನೂ ಮುಟ್ಟಾಳೆ ಎಂದ. ಪಠಾಣ್ ಡ್ರೈವರು ಗಾಡಿ ನಿಲ್ಲಿಸಿ, "ಭಾಯ್, ಮುಟ್ಟಾಲ ಖರಾಬ್" ಎನ್ನುತ್ತಿದ್ದ. ಅದು ಯಾವ ಭಾಷೆಯ ಶಬ್ದ ಎಂದು ಯಾರೂ ಕೇಳಲಿಲ್ಲ. ಎಂಜಿನ್ ಉಳಿಸುವ ಸಾಮಾನಿಗೆ ಭಾಷೆ ಯಾಕೆ?

ಇಷ್ಟು ಕಾಲದ ಮೇಲೆ ಕಂಪನಿಗೆ ತನ್ನ ಚರಿತ್ರೆಯ ನೆನಪಾಯಿತು. ಒಂದು ಪುಸ್ತಕ, ಒಂದು ಸಿನಿಮಾ. ಗಲ್ಫ್ ಭಾಗವನ್ನು ಬರೆಯಲು ಜಾಹ್ನವಿ ಎಂಬ ಹೆಂಗಸು ಬಂದಳು. ಬೆಂಗಳೂರಿನವಳು, ದೋಹಾದ ಜಾಹೀರಾತು ಆಫೀಸೊಂದರಲ್ಲಿ ಬರೆಯುವ ಕೆಲಸ. ಟೀ ವಿರಾಮದಲ್ಲಿ ಪಠಾಣನ ಬಾಯಲ್ಲಿ ಮುಟ್ಟಾಳೆ ಎಂಬ ಶಬ್ದ ಕೇಳಿ, ಹುಡುಕಿಕೊಂಡು ಸೀನಪ್ಪನ ಹತ್ತಿರ ಬಂದಳು.

"ಸೀನಪ್ಪನವ್ರೇ, ಇದನ್ನ ನೀವು ಮಾಡಿದ್ದು ಅಂತಾರೆ. ನಿಜಾನಾ?"

"ಹೌದು ಮೇಡಂ."

"ಮತ್ತೆ ಅವರು ಕೊಟ್ಟಿರೋ ಪೇಪರ್‌ನಲ್ಲಿ ಹೆಡ್ ಆಫೀಸ್ ಎಂಜಿನಿಯರ್ಸ್ ಅಂತಿದೆ?"

"ಅವರು ಬಂದಿದ್ದರು. ಜ್ಯೂಸ್ ಕುಡಿದು ಹೋದರು."

ಜಾಹ್ನವಿ ನಗಲಿಲ್ಲ. ಅವನ ಕೈ ನೋಡಿದಳು. ತಾರೀಖು ಕೇಳಿದಳು. ಅವನು ಲೇಬರ್ ಕ್ಯಾಂಪಿನ ಕೋಣೆಯ ಪೆಟ್ಟಿಗೆಯಲ್ಲಿಟ್ಟಿದ್ದ ಎಚ್ಚರಿಕೆಯ ಕಾಗದ ತಂದು ತೋರಿಸಿದ. ಅವಳು ಅದರ ಫೋಟೋ ತೆಗೆದುಕೊಂಡಳು. ಕಂಪನಿಯ ಹಳೆಯ ಚಿತ್ರಗಳ ಆಲ್ಬಮ್ ಅವಳ ಕೈಯಲ್ಲೇ ಇತ್ತು. ಸೀನಪ್ಪ ಪುಟ ತಿರುಗಿಸಿದ. ಮೂವತ್ತೆಂಟನೆಯ ಇಸವಿಯ ಟ್ರ್ಯಾಕ್ಟರ್ ಆದ ಮೇಲೆ ನಲವತ್ತೇಳನೆಯ ಇಸವಿಯ ಟ್ರ್ಯಾಕ್ಟರ್.

"ನಡುವೆ ಎಂತ ಮಾಡಿದ್ದು ಇವರು?"

"ಯುದ್ಧಕ್ಕೆ ಲಾರಿ ಮಾಡಿಕೊಟ್ರು."

"ಯಾರ ಕಡೆಗೆ?"

ಜಾಹ್ನವಿ ಸುತ್ತ ನೋಡಿದಳು. "ಅದು ಬೇಡ ಅಂದಿದಾರೆ."

ಕಮ್ಮಾರನ ಸುತ್ತಿಗೆಗೆ ಒಂದು ಪುಟ, ಯುದ್ಧದ ಲಾರಿಗೆ ಒಂದು ಸಾಲೂ ಇಲ್ಲ. ಸೀನಪ್ಪ ಆಲ್ಬಮ್ ಮುಚ್ಚಿ ಕೊಟ್ಟ. ತನ್ನದೊಂದು ಟೊಪ್ಪಿ ನುಂಗಿದ್ದು ಇವರಿಗೆ ದೊಡ್ಡದಲ್ಲ ಎಂದು ಅವನಿಗೆ ಅನಿಸಿತು.

ಆ ವಾರದ ಶುಕ್ರವಾರ ಪೃಥ್ವಿರಾಜನಿಂದ ಫೋನ್ ಬಂತು. ಪೃಥ್ವಿರಾಜ್ ಕಂಪನಿಯ ಮಾರ್ಕೆಟಿಂಗ್ ಮ್ಯಾನೇಜರು. ನಲವತ್ತು ದಾಟಿಲ್ಲ. ಸೀನಪ್ಪನ ಊರಿನ ಗುತ್ತಿನ ಮನೆಯವನು, ಜಮೀನುದಾರರ ವಂಶ. ಆ ಮನೆಗೆ ಸೀನಪ್ಪನ ಅಪ್ಪ, ಅಜ್ಜ ಮೂಲದಾಳುಗಳು. ಗದ್ದೆ ಮಾರಿದರೆ ಗದ್ದೆಯ ಜೊತೆಗೆ ಆಳೂ ಹೋಗುತ್ತಿದ್ದ ಕಾಲದಿಂದ ಬಂದ ಸಂಬಂಧ. ಕಾನೂನು ಅದನ್ನು ಯಾವತ್ತೋ ಮುಗಿಸಿತ್ತು. ಐನ್ ಖಾಲಿದ್‌ನ ಪೃಥ್ವಿರಾಜನ ವಿಲ್ಲಾದಲ್ಲಿ ಅದು ಮುಗಿದಿರಲಿಲ್ಲ. ನಲ್ಲಿ ಸೋರಿದರೆ, ಎಸಿ ನಿಂತರೆ ಸೀನಪ್ಪನಿಗೆ ಫೋನು. ರಜೆಯ ದಿನ ಬಸ್ಸು ಹತ್ತಿ ಹೋಗಿ ಸರಿಮಾಡಿ ಬರುತ್ತಿದ್ದ. ಹಿಂದಿನ ಬಾಗಿಲಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ, ಪೇಪರ್ ಕಪ್ಪಿನಲ್ಲಿ ಚಹಾ. ಒಳಗೆ ಸಾಲು ಸಾಲು ಪಿಂಗಾಣಿ ಕಪ್ಪುಗಳನ್ನು ಅವನು ಕಂಡಿದ್ದ. ಸಿಂಕಿನ ಪೈಪು ಬಿಚ್ಚುವಾಗ ಅವನ ಕೈ ಆ ಕಪ್ಪುಗಳ ನಡುವೆಯೇ ಆಡುತ್ತಿತ್ತು. ರಿಪೇರಿ ಮಾಡುವ ಕೈಗೆ ಮೈಲಿಗೆ ಇಲ್ಲ. ಕುಡಿಯುವ ಬಾಯಿಗೆ ಮಾತ್ರ.

ಆ ದಿನ ಯಾವ ನಲ್ಲಿಯೂ ಕೆಟ್ಟಿರಲಿಲ್ಲ. ಪೃಥ್ವಿರಾಜನ ಹೆಂಡತಿ ಭವ್ಯಶ್ರೀ, "ಹಿಂದೆ ಕೂತ್ಕೊ ಸೀನ, ಬರ್ತಾರೆ" ಎಂದು ಚಹಾ ಇಟ್ಟು ಹೋದಳು. ಅವಳಿಗೂ ಅವನು ಸೀನನೇ.

ಪೃಥ್ವಿರಾಜ್ ಮೊಬೈಲ್ ನೋಡುತ್ತಲೇ ಬಂದ. "ಸೀನ, ನಾಳೆ ವರ್ಕ್‌ಶಾಪಿನಲ್ಲಿ ಶೂಟಿಂಗ್ ಉಂಟು. ಡೆಸರ್ಟ್ ಶೀಲ್ಡ್ ಮಾಡಿದ್ದು ಹೇಗೆ ಅಂತ ತೋರಿಸುವುದು. ನಿನ್ನ ಕೈ ಬೇಕು."

"ಕೈ?"

"ಎಂಜಿನಿಯರ್ ಪಾರ್ಟಿಗೆ ಒಬ್ಬ ಮಾಡೆಲ್ ಬರ್ತಾನೆ, ದುಬೈಯಿಂದ. ಅವನಿಗೆ ವೆಲ್ಡಿಂಗ್ ಬರುವುದಿಲ್ಲ. ಮುಖ ಅವನದ್ದು ತೆಗೀತಾರೆ, ಕೈ ನಿನ್ನದು. ಗ್ಲೌಸ್ ಹಾಕಿದ್ರೆ ಗೊತ್ತಾಗುವುದಿಲ್ಲ. ಈ ಕಲೆಯೆಲ್ಲ ಕಾಣಬಾರ್ದು, ನೋಡ್ಲಿಕ್ಕೆ ಒಂಥರಾ ಆಗ್ತದೆ."

ಸೀನಪ್ಪ ಪೇಪರ್ ಕಪ್ಪು ಕೈಗೆತ್ತಿಕೊಂಡ. "ಧನಿಗಳೇ, ಆ ಪುಸ್ತಕದಲ್ಲಿ ನನ್ನ ಹೆಸರು ಬರ್ತದಾ?"

ಪೃಥ್ವಿರಾಜ್ ನಕ್ಕ. "ನೂರು ವರ್ಷದ ಕಂಪನಿ ಮಾರಾಯ. ಬೋಲ್ಟ್ ತಿರುಗಿಸಿದವರದ್ದೆಲ್ಲ ಹೆಸರು ಹಾಕ್ಲಿಕ್ಕೆ ಹೋದ್ರೆ ಟೆಲಿಫೋನ್ ಡೈರೆಕ್ಟರಿ ಆಗ್ತದೆ. ನಮ್ಮ ಊರಿನ ಬಾವಿಯನ್ನೇ ನೋಡು. ನಮ್ಮ ಅಜ್ಜ ತೋಡಿಸಿದ್ದು. ಕಲ್ಲಿನಲ್ಲಿ ಅವರ ಹೆಸರು ಉಂಟು. ಮಣ್ಣು ಹೊತ್ತವರು ಯಾರು ಅಂತ ಯಾರಾದ್ರೂ ಕೇಳ್ತಾರಾ?"

"ತೋಡಿದ್ದು ನನ್ನ ಅಜ್ಜ."

"ಹೌದಾ?" ಎಂದ ಪೃಥ್ವಿರಾಜ್. ಮೊಬೈಲಿಗೆ ಏನೋ ಬಂದಿತ್ತು, ಅದನ್ನು ನೋಡಿದ.

ಸೀನಪ್ಪನ ಅಜ್ಜ ಮೂವತ್ತೆರಡು ಅಡಿ ಇಳಿದಿದ್ದ. ಕೆಂಪು ಕಲ್ಲು ಕಡಿದಿದ್ದ. ನೀರು ಬಂದ ದಿನ ಸೊಂಟದವರೆಗೆ ಅದರಲ್ಲೇ ನಿಂತಿದ್ದ. ಮೇಲೆ ಬಂದ ಮೇಲೆ ಬಾವಿಯನ್ನು ಶುದ್ಧ ಮಾಡಿಸಿದರು. ಅಜ್ಜನಿಗೆ ಮತ್ತೆ ಆ ಹಗ್ಗ ಮುಟ್ಟಲು ಬಿಡಲಿಲ್ಲ. ಕುಡಿಯುವ ನೀರಿಗೆ ಅವನ ಹೆಂಡತಿ ಅರ್ಧ ಮೈಲಿ ದೂರದ ತೊರೆಗೆ ಹೋದಳು. ಇದನ್ನು ಸೀನಪ್ಪ ಎಷ್ಟೋ ಸಲ ಕೇಳಿದ್ದ. ಕೇಳಿ ಕೇಳಿ ಸವೆದ ಮಾತಾಗಿತ್ತು. ಪೇಪರ್ ಕಪ್ಪು ಕೈಯಲ್ಲಿ ಹಿಡಿದು ಆ ಕುರ್ಚಿಯಲ್ಲಿ ಕುಳಿತಾಗ ಅದು ಮೊದಲ ಸಲ ಕೇಳಿದಂತೆ ಚುಚ್ಚಿತು.

ಅವನು ಚಹಾ ಕುಡಿಯಲಿಲ್ಲ. ಕಪ್ಪನ್ನು ಕುರ್ಚಿಯ ಮೇಲಿಟ್ಟು ಬಸ್ಸಿಗೆ ನಡೆದ.

ಮರುದಿನ ವರ್ಕ್‌ಶಾಪಿನ ಒಂದು ಮೂಲೆಯನ್ನು ತೊಳೆದು, ಒರೆಸಿ, ಹೊಸ ಬಣ್ಣ ಬಳಿದಿದ್ದರು. ಆಮೇಲೆ ಅದು ತೀರ ಸ್ವಚ್ಛ ಕಾಣುತ್ತದೆಂದು ಅಲ್ಲಲ್ಲಿ ಎಣ್ಣೆ ಚೆಲ್ಲಿಸಿದರು. ಮಾಡೆಲ್ ಬಂದ. ತೋಳು ಬಾಳೆಯ ದಿಂಡಿನಂತೆ ನುಣ್ಣಗೆ. ಒಬ್ಬ ಹುಡುಗಿ ಪುಟ್ಟ ಡಬ್ಬಿಯಿಂದ ಮಸಿ ತೆಗೆದು ಬ್ರಷ್ಷಿನಲ್ಲಿ ಅವನ ಕೆನ್ನೆಗೆ ಹಚ್ಚಿದಳು. ಎರಡು ಮಾರು ದೂರದಲ್ಲಿ ಡ್ರಮ್ಮುಗಟ್ಟಲೆ ಗ್ರೀಸ್ ಇತ್ತು. ಅದು ಅಸಲಿಯಾಗಿದ್ದರಿಂದ ಕೆಲಸಕ್ಕೆ ಬರಲಿಲ್ಲ.

ಕೆಲಸ ನಿಲ್ಲಿಸಿ ಎಲ್ಲರೂ ಸುತ್ತ ನಿಂತರು. ಮಾಡೆಲ್ ಹಣೆಗೆ ಬೆರಳಿಟ್ಟು ಯೋಚಿಸಿದ. ಆಕಾಶ ನೋಡಿದ. ಅವನಿಗೆ ಹೊಳೆಯಿತು. ಕ್ಯಾಮೆರಾದವರು ಚಪ್ಪಾಳೆ ತಟ್ಟಿದರು.

"ಈಗ ಕೈ," ಎಂದ ಪೃಥ್ವಿರಾಜ್. "ಯಲ್ಲಾ ಸೀನ, ಬೇಗ ಗ್ಲೌಸ್ ಹಾಕು."

ಸೀನಪ್ಪ ಮುಂದೆ ಬಂದ. ಮೇಜಿನ ಮೇಲೆ ಹೊಸ ಗ್ಲೌಸ್, ಹೊಸ ತಗಡು. ಅವನು ಗ್ಲೌಸ್ ಎತ್ತಿಕೊಂಡ. ಒಳಗೆ ಬೆರಳು ತೂರಿಸಲು ಹೋಗಿ ನಿಂತ. ಎಡಗೈಯ ಚರ್ಮ ಬಿಗಿಯಿತು. ಕುದಿಯುವ ನೀರಿನ ವಾಸನೆ ಮೂಗಿಗೆ ಬಂದಂತಾಯಿತು. ಹದಿಮೂರು ವರ್ಷದ ಹಿಂದಿನ ವಾಸನೆ.

ಗ್ಲೌಸನ್ನು ಮೇಜಿನ ಮೇಲೆ ವಾಪಸ್ಸಿಟ್ಟ.

"ನಾನು ಮಾಡುವುದಿಲ್ಲ."

"ಎಂತದು?"

"ಇದನ್ನು ಮಾಡಿದ್ದು ನಾನು. ನನ್ನ ಕೈ ಬೇಕಾದ್ರೆ ನನ್ನ ಮುಖವೂ ಬರಬೇಕು. ಮುಖ ಬೇಡವಾದ್ರೆ ಕೈಯೂ ಇಲ್ಲ."

ಪೃಥ್ವಿರಾಜ್ ಹತ್ತಿರ ಬಂದು ತುಳುವಿನಲ್ಲಿ, ಮೆಲ್ಲಗೆ, ಹಲ್ಲು ಕಚ್ಚಿ ಹೇಳಿದ. "ಸೀನ, ಎಲ್ಲರ ಎದುರು ನನ್ನ ಮರ್ಯಾದೆ ತೆಗೀಬೇಡ. ನಿನ್ನಪ್ಪ ನಮ್ಮ ಅಂಗಳದಲ್ಲಿ ತಲೆ ಎತ್ತಿದವನಲ್ಲ."

"ಇದು ನಿಮ್ಮ ಅಂಗಳ ಅಲ್ಲ, ಪೃಥ್ವಿರಾಜ್‌ರೇ."

ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಧನಿಗಳೇ ಎಂಬ ಶಬ್ದ ನಾಲಗೆಯ ತುದಿಗೆ ಬಂದು ಅಲ್ಲೇ ಉಳಿಯಿತು. ಪೃಥ್ವಿರಾಜನ ಕಿವಿ ಕೆಂಪಾಯಿತು. ಸೀನಪ್ಪ ಹೋಗಿ ತನ್ನ ಲಾರಿಯ ಅಡಿ ಮಲಗಿದ. ಗೇರ್‌ಬಾಕ್ಸ್ ಅರ್ಧ ಬಿಚ್ಚಿಟ್ಟದ್ದು ಬಾಕಿಯಿತ್ತು. ಕಾಲು ಲಾರಿಯ ಹೊರಗೆ ಕಾಣದಂತೆ ಒಳಕ್ಕೆ ಎಳೆದುಕೊಂಡ.

ಅಲ್ಲಿಂದಲೇ ಅವನಿಗೆ ಎಲ್ಲ ಕೇಳಿಸಿತು. ಪೃಥ್ವಿರಾಜ್ ಹಸೈನಾರನನ್ನು ಕರೆದ. ಹಸೈನಾರ್ ಉಳ್ಳಾಲದ ಬ್ಯಾರಿ, ವರ್ಕ್‌ಶಾಪಿನ ಒಳ್ಳೆಯ ವೆಲ್ಡರ್.

"ಕಣ್ಣು ನೋವು ಸಾರ್. ಬೆಳಗ್ಗಿನಿಂದ ನೀರು ಬರ್ತಾ ಉಂಟು."

ನೇಪಾಳದ ತಿಲಕನನ್ನು ಕರೆದರು. ಅವನಿಗೆ ಹೊಟ್ಟೆನೋವು. ಬಾಂಗ್ಲಾದವನ ಹೆಬ್ಬೆರಳು ಉಳುಕಿತ್ತು. ಪಠಾಣ್ ತಾನು ಡ್ರೈವರು, ವೆಲ್ಡಿಂಗ್ ಎಂದರೆ ಏನೆಂದೇ ಗೊತ್ತಿಲ್ಲ ಎಂದ. ಯಾರೂ ಎದುರು ಮಾತಾಡಲಿಲ್ಲ. ಒಬ್ಬೊಬ್ಬರಾಗಿ, ತುಂಬಾ ವಿನಯದಿಂದ, ಎಲ್ಲರೂ ಕಾಯಿಲೆ ಬಿದ್ದರು. ಕೊನೆಗೆ ಫೋರ್‌ಮನ್ ಬೊನವೆಂಚರನಿಗೆ ಆರ್ಡರ್ ಆಯಿತು. ಬೊನವೆಂಚರ್ ಕಿನ್ನಿಗೋಳಿಯವನು, ಸಾಹೇಬರ ಮಾತು ಮೀರದ ಮನುಷ್ಯ.

ಅವನು ಕನ್ನಡಕ ತೆಗೆದು ಒರೆಸಿದ. "ನಾನು ವೆಲ್ಡಿಂಗ್ ಬಿಟ್ಟು ಹದಿನೈದು ವರ್ಷ ಆಯ್ತು ಸರ್. ಈಗ ಕೈ ನಡುಗ್ತದೆ."

"ಇದೆಂತ ದೊಡ್ಡ ವಿದ್ಯೆ," ಎಂದ ಪೃಥ್ವಿರಾಜ್. ಮಾಸ್ಕ್ ಹಾಕಿಕೊಂಡ, ಗ್ಲೌಸ್ ತೊಟ್ಟ, ತಾನೇ ವೆಲ್ಡಿಂಗ್ ರಾಡು ಹಿಡಿದ. ಕಿಡಿ ಹಾರಿತು. ರಾಡು ತಗಡಿಗೆ ಅಂಟಿಕೊಂಡಿತು. ಎಳೆದ, ಬರಲಿಲ್ಲ. ಒದ್ದು ಬಿಡಿಸಿದ. ಮತ್ತೆ ಹಿಡಿದ. ಅರ್ಧ ಗಂಟೆಯಲ್ಲಿ ಕ್ಯಾಮೆರಾದವರಿಗೆ ಬೇಕಾದಷ್ಟು ಕಿಡಿ ಸಿಕ್ಕಿತು.

ಎರಡು ವಾರದ ನಂತರ ಷೋರೂಮಿನ ಅಂಗಳದಲ್ಲಿ ನೂರು ವರ್ಷದ ಸಮಾರಂಭ. ಮುಂದೆ ಸೋಫಾ, ಹೆಡ್ ಆಫೀಸಿನವರು. ನಡುವೆ ಕುರ್ಚಿ, ಆಫೀಸಿನವರು. ಹಿಂದೆ ಹಗ್ಗ ಕಟ್ಟಿ ನಿಲ್ಲಲು ಜಾಗ, ವರ್ಕ್‌ಶಾಪಿನವರು. ಎಲ್ಲರಿಗೂ ಒಂದೊಂದು ಹೊಸ ಕ್ಯಾಪು. ಸಿನಿಮಾ ಶುರುವಾಯಿತು. ಕಮ್ಮಾರ ಬಂದ, ನೇಗಿಲು ಬಂತು, ಟ್ರ್ಯಾಕ್ಟರ್ ಬಂತು, ಗೋಧಿ ತೂಗಾಡಿತು. ಮರಳುಗಾಡು ಬಂತು. ಮಾಡೆಲ್ ಆಕಾಶ ನೋಡಿದ. ಕಿಡಿ ಹಾರಿತು. ಆಮೇಲೆ ಇಪ್ಪತ್ತು ಅಡಿಯ ಪರದೆಯ ತುಂಬ ಬೆಸುಗೆಯ ಗೆರೆ ಕಾಣಿಸಿತು.

ಬೆಸುಗೆ ಎಂದರೆ ಮೀನಿನ ಬೆನ್ನಿನ ಹುರುಪೆಯಂತೆ ಸಾಲಾಗಿ ಕೂರಬೇಕು. ಇದು ಅಲ್ಲೊಂದು ಗಂಟು, ಇಲ್ಲೊಂದು ತೂತು, ನಡುವೆ ಬರೀ ತಗಡು. ಸೋಫಾದವರು ಮೆಚ್ಚಿ ತಲೆಯಾಡಿಸಿದರು. ಹಗ್ಗದ ಹಿಂದಿನವರು ಕತ್ತು ಚಾಚಿ ನೋಡಿದರು.

"ಕೋಳಿ ಹಿಕ್ಕೆ," ಎಂದ ಹಸೈನಾರ್.

ಕನ್ನಡ ಬಾರದವರಿಗೂ ಅರ್ಥವಾಯಿತು. ಮೊದಲು ತಿಲಕ್ ನಕ್ಕ. ಆಮೇಲೆ ಪಠಾಣ್. ಆಮೇಲೆ ಇನ್ನೂರು ಜನ. ಹೊಟ್ಟೆ ಹಿಡಿದು, ಒಬ್ಬರ ಹೆಗಲು ಒಬ್ಬರು ಹಿಡಿದು ನಕ್ಕರು. ಸೋಫಾದವರು ಹಿಂದೆ ತಿರುಗಿ ನೋಡಿದರು. ಕೆಲಸಗಾರರು ಸಂತೋಷದಲ್ಲಿದ್ದಾರೆ ಎಂದುಕೊಂಡು ಕೈಬೀಸಿದರು. ಪೃಥ್ವಿರಾಜ್ ಒಬ್ಬನೇ ತಿರುಗಲಿಲ್ಲ.

ಸೀನಪ್ಪ ನಗಲಿಲ್ಲ. ಆ ಕೆಟ್ಟ ಬೆಸುಗೆಯನ್ನೇ ನೋಡಿದ. ಮರಳು ನುಗ್ಗುವ ತೂತುಗಳನ್ನು ಎಣಿಸಿದ.

ಅಷ್ಟು ಹೊತ್ತಿಗೆ ಬೇರೊಂದು ಕಡೆ ಬೇರೊಂದು ಕೆಲಸ ಆಗಿತ್ತು. ಪೃಥ್ವಿರಾಜ್ ನೋಡಿ ತಿದ್ದುವ ಮೊದಲೇ ಜಾಹ್ನವಿ ತಾನು ಬರೆದ ಅಧ್ಯಾಯವನ್ನು ಸೀದಾ ಹೆಡ್ ಆಫೀಸಿಗೆ ಕಳಿಸಿದ್ದಳು. ಸೀನಪ್ಪನ ಹೆಸರು, ತಾರೀಖು, ಎಚ್ಚರಿಕೆಯ ಕಾಗದದ ಫೋಟೋ, ಎಲ್ಲ ಅದರಲ್ಲಿತ್ತು. ಪುಸ್ತಕದಿಂದ ಅದನ್ನು ತೆಗೆದರು. ಅವಳನ್ನೂ ಆ ಕೆಲಸದಿಂದ ತೆಗೆದರು. ಆದರೆ ಹೆಡ್ ಆಫೀಸಿನ ವಕೀಲರು ಓದಿಯಾಗಿತ್ತು. ಈ ಮನುಷ್ಯ ನಾಳೆ ಹಕ್ಕು ಕೇಳಿದರೆ ಎಂದು ಅವರಿಗೆ ಭಯ ಹತ್ತಿತು.

ಸಮಾರಂಭವಾದ ಮೂರನೆಯ ದಿನ ಸೀನಪ್ಪನನ್ನು ಎಚ್.ಆರ್. ಕೋಣೆಗೆ ಕರೆಸಿದರು. ಅಲ್ಲಿ ಎಚ್.ಆರ್. ಮ್ಯಾನೇಜರು, ಪೃಥ್ವಿರಾಜ್, ಅರ್ಥ ಹೇಳಲು ಬೊನವೆಂಚರ್. ಮೊದಲ ಸಲ ಅವನಿಗೆ ಕುರ್ಚಿ ಕೊಟ್ಟರು. ಪಿಂಗಾಣಿ ಕಪ್ಪಿನಲ್ಲಿ ಕಾಫಿ ಇಟ್ಟರು. ಎದುರಿಗೆ ಒಂದು ಕಾಗದ.

"ಫಾರ್ಮಾಲಿಟಿ ಅಷ್ಟೇ," ಎಂದ ಪೃಥ್ವಿರಾಜ್. "ಸಹಿ ಹಾಕಿ ಹೋಗು."

"ಎಂತ ಬರೆದದ್ದು ಬೊನವೆಂಚರ್ ಬಾಬ್?"

ಬೊನವೆಂಚರ್ ಓದಿ, ನಿಧಾನವಾಗಿ ಕನ್ನಡದಲ್ಲಿ ಹೇಳಿದ. "ಸೀನಪ್ಪ ಎಂಬ ನಾನು, ಎರಡು ಸಾವಿರದ ಹನ್ನೆರಡನೇ ಇಸವಿ ಜುಲೈ ತಿಂಗಳಲ್ಲಿ ನಾನೇ ಮೊದಲು ತಯಾರಿಸಿದ ಗಾಳಿಕೊಳವೆಯ ಮುಚ್ಚಳದ ಮೇಲೆ, ಈಗಾಗಲೀ ಮುಂದಾಗಲೀ, ಯಾವ ಹಕ್ಕನ್ನೂ ಕೇಳುವುದಿಲ್ಲ."

"ನಾನೇ ಮೊದಲು ತಯಾರಿಸಿದ ಅಂತ ಉಂಟಾ?"

"ಉಂಟು."

"ಕಂಪನಿಯೇ ಬರೆದದ್ದಾ?"

"ಮೇಲೆ ಕಂಪನಿ ಹೆಸರು ಉಂಟು ನೋಡು."

ಬಿಟ್ಟುಕೊಟ್ಟೆ ಎಂದು ಬರೆಸಿಕೊಳ್ಳಬೇಕಾದರೆ ಅವನದ್ದು ಎಂದು ಮೊದಲು ಬರೆಯಲೇಬೇಕು. ಟೆಲಿಫೋನ್ ಡೈರೆಕ್ಟರಿ ಆಗುತ್ತದೆ ಎಂದು ಬಿಟ್ಟ ಹೆಸರನ್ನು ವಕೀಲರು ಅಕ್ಷರ ಬಿಡದೆ ಟೈಪ್ ಮಾಡಿದ್ದರು. ಇನಿಶಿಯಲ್ ಸಮೇತ, ಪಾಸ್‌ಪೋರ್ಟ್ ನಂಬರ್ ಸಮೇತ.

ಸೀನಪ್ಪ ಪೆನ್ನು ಮುಟ್ಟಲಿಲ್ಲ. "ಇದರಲ್ಲಿ ಅರ್ಧ ನಿಜ ಉಂಟು. ಅರ್ಧಕ್ಕೆ ಮಾತ್ರ ಸಹಿ ಹಾಕ್ಲಿಕ್ಕೆ ಆಗ್ತದಾ?"

ಬೊನವೆಂಚರ್ ಅದನ್ನು ಇಂಗ್ಲಿಷಿಗೆ ತಿರುಗಿಸಿದ. ಹೇಳುವಾಗ ಅವನ ಬಾಯಿಯ ಕೊನೆ ಸ್ವಲ್ಪ ಮೇಲೆ ಹೋಯಿತು. ಎಚ್.ಆರ್. ಮ್ಯಾನೇಜರು ಸಹಿ ಇಲ್ಲವಾದರೆ ಕೆಲಸವೂ ಖಲಾಸ್ ಎಂದರು.

"ಸೀನ, ಯೋಚನೆ ಮಾಡು," ಎಂದ ಪೃಥ್ವಿರಾಜ್. ದನಿ ಇಳಿದಿತ್ತು. "ಈ ವಯಸ್ಸಿನಲ್ಲಿ ಯಾರು ಕೆಲಸ ಕೊಡ್ತಾರೆ ನಿನಗೆ?"

"ಲಾರಿ ಇರುವ ಕಡೆ ಕೊಡ್ತಾರೆ." ಸೀನಪ್ಪ ಎದ್ದ. ಕಾಗದವನ್ನು ಎತ್ತಿ ನಾಲ್ಕಾಗಿ ಮಡಚಿ ಕಿಸೆಗೆ ಹಾಕಿಕೊಂಡ.

"ಅದನ್ನು ಇಲ್ಲಿ ಇಡು."

"ನನ್ನ ಹೆಸರು ಉಂಟು ಇದರಲ್ಲಿ."

ಯಾರೂ ಅವನ ಕಿಸೆಗೆ ಕೈ ಹಾಕಲಿಲ್ಲ. ಕಾಫಿ ಹಾಗೆಯೇ ಆರಿತು.

ತಿಂಗಳು ಕಳೆಯುವುದರೊಳಗೆ ಅವನು ನಾಲ್ಕು ರಸ್ತೆ ಆಚೆ ಸಫ್ವಾನ್ ಎಂಬವನ ಗ್ಯಾರೇಜಿಗೆ ಸೇರಿದ. ಹಳೆಯ ಲಾರಿಗಳ ಕೆಲಸ. ಮೊದಲಿನಷ್ಟು ಅನುಕೂಲ ಇಲ್ಲ. ಎಸಿ ಹಾಳಾದರೆ ಐನ್ ಖಾಲಿದ್‌ನವರು ಈಗ ಬೇರೆಯವರನ್ನು ಕರೆಯುತ್ತಾರೆ.

ಆದರೆ ಆ ದಿನ ಅವನು ಎಚ್.ಆರ್. ಕೋಣೆಯ ಮೆಟ್ಟಿಲು ಇಳಿದು ಬರುವಾಗ ಟೀ ವಿರಾಮದ ಗಂಟೆ ಹೊಡೆದಿತ್ತು. ಶೀಟಿನ ಅಡಿಯಲ್ಲಿ ಎಲ್ಲರೂ ಗ್ಲಾಸ್ ಹಿಡಿದು ನಿಂತಿದ್ದರು. ಹಸೈನಾರ್ ಓಡಿ ಬಂದ.

"ಎಂತ ಆಯ್ತು ಸೀನಪ್ಪಣ್ಣ?"

ಸೀನಪ್ಪ ಕಾಗದ ತೆಗೆದು ಕೊಟ್ಟ. "ದೊಡ್ಡಕೆ ಓದು."

ಹಸೈನಾರ್ ಹತ್ತನೆಯವರೆಗೆ ಕಲಿತವನು. ಇಂಗ್ಲಿಷನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದ. ಓದಿದ್ದನ್ನು ಹಿಂದಿಯಲ್ಲಿ ಹೇಳಿದ. ಸೀನಪ್ಪ ಎಂಬ ನಾನು, ನಾನೇ ಮೊದಲು ತಯಾರಿಸಿದ, ಎಂಬಲ್ಲಿಗೆ ಬಂದು ನಿಲ್ಲಿಸಿದ. ಅದರ ಮುಂದಿನದು ಯಾರಿಗೂ ಬೇಕಾಗಿರಲಿಲ್ಲ.

ತಿಲಕ್ ಚಹಾದ ಗ್ಲಾಸನ್ನು ಲಾರಿಯ ಬಂಪರಿನ ಮೇಲಿಟ್ಟು ಹತ್ತಿರ ಬಂದ.

"ಇನ್ನೊಮ್ಮೆ ಓದು," ಎಂದ.